ಅರವತ್ತು ಊರುಗಳ ಪಟ್ಟಿಯಲ್ಲಿ ಇಲ್ಲದ ಒಂದು ಕಾಲಂ

ದೀಪಾವಳಿ ಮುಗಿದು, ಅಡಿಕೆ ಕೊಯ್ಲಿಗೆ ಕೊನೆಗಾರರನ್ನು ಗೊತ್ತುಮಾಡಿಕೊಳ್ಳುವ ಗಡಿಬಿಡಿಯಲ್ಲಿ ಸಾಗರದ ಸುತ್ತಿನ ಊರುಗಳೆಲ್ಲ ತೊಡಗಿದ್ದ ವಾರ, ನನ್ನ ಕೈಗೆ ಒಂದು ಅನುದಾನದ ಅರ್ಜಿ ಬಂತು. ಸಾಗರ, ಸೊರಬ, ಹೊಸನಗರ ಮತ್ತು ಶಿಕಾರಿಪುರ ತಾಲ್ಲೂಕುಗಳ 60 ಊರುಗಳ ಇತಿಹಾಸವನ್ನು ಆರು ತಿಂಗಳಲ್ಲಿ ಕನ್ನಡ ವಿಕಿಪೀಡಿಯಕ್ಕೆ ಬರೆದು ಸೇರಿಸುವ ಯೋಜನೆಯದು. ಅರ್ಜಿ ಹಾಕಿದವರು ಕಾಲೇಜು ಹುಡುಗರು, ಇಬ್ಬರು ಶಾಲಾ ಶಿಕ್ಷಕಿಯರು ಮತ್ತು ಊರಿನಲ್ಲೇ ಉಳಿದು ತೋಟ ನೋಡಿಕೊಳ್ಳುತ್ತಿರುವ ಕೆಲವು ತರುಣರು. ಹಣ ಕೊಡುವ ಸಮಿತಿಯವರಿಗೆ ಈ ಭಾಗವನ್ನು ಬಲ್ಲ ಒಬ್ಬರ ಅಭಿಪ್ರಾಯ ಬೇಕಾಗಿತ್ತು. ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ಕೆಲವು ವರ್ಷಗಳಿಂದ ವಿಕಿಪೀಡಿಯದ ಪುಟಗಳನ್ನು ತಿದ್ದುತ್ತಿರುವವನು; ಆ ಕಾರಣಕ್ಕೆ ನನ್ನನ್ನು ಕೇಳಿದರು. ಅರ್ಜಿದಾರರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ ಎಂಬುದನ್ನು ಮೊದಲೇ ಸಮಿತಿಗೆ ಬರೆದು ತಿಳಿಸಿದೆ. ಅವರು ಪರವಾಗಿಲ್ಲ ಎಂದ ಮೇಲೆ ಓದಲು ಕುಳಿತೆ.

ಅರ್ಜಿಯ ಮೊದಲ ಎರಡು ಪುಟ ಮಲೆನಾಡಿನ ವರ್ಣನೆಗೆ ಮೀಸಲಾಗಿತ್ತು. ನಂತರ ಒಂದು ಕೋಷ್ಟಕ: ಎಡಗಡೆ ಊರಿನ ಹೆಸರು, ಬಲಗಡೆ ಬರೆಯಲಿರುವ ಲೇಖನದ ಶೀರ್ಷಿಕೆ. ಹೀಗೆ ಅರವತ್ತು ಸಾಲು. ಪಟ್ಟಿಯನ್ನು ಎರಡು ಸಲ ಓದಿದರೂ ಈ ಲೇಖನಗಳು ಯಾವುದರ ಮೇಲೆ ನಿಲ್ಲುತ್ತವೆ ಎಂಬುದು ತಿಳಿಯಲಿಲ್ಲ. ಹಾಗಾಗಿ ಆ ಹಾಳೆಗಳನ್ನು ಮುದ್ರಿಸಿಕೊಂಡು, ಸ್ಕೇಲು ಹಿಡಿದು ಬಲಬದಿಯ ಅಂಚಿನಲ್ಲಿ ಮೂರನೆಯ ಕಾಲಂ ಎಳೆದು, ತಲೆಯಲ್ಲಿ ‘ಆಧಾರ’ ಎಂದು ಬರೆದೆ. ನಾಲ್ಕು ಸಂಜೆ ಅದನ್ನು ತುಂಬಿಸುವುದರಲ್ಲೇ ಕಳೆಯಿತು. ಅರ್ಜಿಯ ಬಗ್ಗೆ ನನಗೆ ಹೇಳಬೇಕಾದದ್ದೆಲ್ಲ ಆ ಮೂರನೆಯ ಕಾಲಂನಿಂದಲೇ ಹುಟ್ಟಿತು.

ವಿಕಿಪೀಡಿಯದ ನಿಯಮ ಹೊಸಬರಿಗೆ ಸ್ವಲ್ಪ ಕಠಿಣವಾಗಿ ಕಾಣುತ್ತದೆ. ನಾವೇ ಹೊಸದಾಗಿ ಕಂಡುಹಿಡಿದದ್ದನ್ನು, ನಾವೇ ಕೇಳಿ ತಿಳಿದದ್ದನ್ನು ಅಲ್ಲಿ ಮೊದಲ ಬಾರಿಗೆ ಪ್ರಕಟಿಸುವಂತಿಲ್ಲ. ಬೇರೆಡೆ ನಂಬಲರ್ಹವಾಗಿ ಅಚ್ಚಾದದ್ದನ್ನು ಮಾತ್ರ, ಎಲ್ಲಿಂದ ತೆಗೆದುಕೊಂಡೆವೆಂದು ತೋರಿಸಿ, ನಮ್ಮ ಮಾತಿನಲ್ಲಿ ಬರೆಯಬೇಕು. ಓದುಗರು ಬೇಕೆಂದರೆ ಆ ಪುಸ್ತಕ ತೆಗೆದು ನೋಡುವಂತಿರಬೇಕು. ಈ ವಿಷಯದಲ್ಲಿ ನಮ್ಮ ಜಿಲ್ಲೆ ಅದೃಷ್ಟವಂತ ಜಿಲ್ಲೆ ಎಂದೇ ನಾನು ಹೇಳುತ್ತೇನೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಮತ್ತು ಎಂಟನೆಯ ಸಂಪುಟಗಳು ಪೂರ್ತಿಯಾಗಿ ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೇ ಮೀಸಲು. 1902 ಮತ್ತು 1904ರಲ್ಲಿ ಪ್ರಕಟವಾದವು. ಊರೂರು ಸುತ್ತಿ ತೆಗೆದ ಪಾಠಗಳು ಅಲ್ಲಿ ಕನ್ನಡದಲ್ಲಿ, ರೋಮನ್ ಲಿಪಿಯಲ್ಲಿ ಮತ್ತು ಇಂಗ್ಲಿಷ್ ಅನುವಾದದಲ್ಲಿ, ತಾಲ್ಲೂಕುವಾರು ಸಂಖ್ಯೆಯೊಂದಿಗೆ ಸಿಗುತ್ತವೆ. ರೈಸ್ ಓದಿದ ಪಾಠಗಳನ್ನು ನಂತರದ ವಿದ್ವಾಂಸರು ಕೆಲವೆಡೆ ತಿದ್ದಿದ್ದಾರೆ, ಆದರೆ ಹುಡುಕಾಟ ಆರಂಭಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆರಂಭಿಸುವವರು ಎಡವುವ ಕಲ್ಲು ಕೂಡ ಅದೇ ಸಂಪುಟಗಳಲ್ಲಿದೆ. ರೈಸ್ ಅವರ ಕಾಲದ ತಾಲ್ಲೂಕುಗಳು ಈಗಿನವಲ್ಲ. ಅಲ್ಲಿ ‘ನಗರ’ ಎಂದಿರುವ ತಾಲ್ಲೂಕನ್ನು ನಾವು ಹೊಸನಗರದಲ್ಲಿ ಹುಡುಕಬೇಕು. ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗದ ಸಂಪುಟದಲ್ಲೇ ಇವೆ, ಆದರೆ 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅತ್ತ ಹೋದವು. ಬಳ್ಳಿಗಾವಿಯನ್ನು ಆ ಕಾಲದ ಇಂಗ್ಲಿಷ್ ಬರಹಗಳು ‘ಬೆಳಗಾಮಿ’ ಎಂದು ಬರೆದಿರುವುದರಿಂದ, ಹೆಸರು ಹಾಕಿ ಹುಡುಕಿದವರಿಗೆ ಉತ್ತರದ ಬೆಳಗಾವಿ ಸಿಗುವ ಅಪಾಯ ಇದ್ದೇ ಇದೆ. ಅರ್ಜಿಯ ಪಟ್ಟಿಯಲ್ಲಿ ಮೂರು ಊರುಗಳಿಗೆ ‘ಶಾಸನವಿಲ್ಲ’ ಎಂದು ಟಿಪ್ಪಣಿ ಹಾಕಿದ್ದರು. ಮೂರಕ್ಕೂ ಇದೆ. ಹುಡುಕಿದ್ದು ಈಗಿನ ತಾಲ್ಲೂಕಿನ ಹೆಸರಿನಲ್ಲಿ, ಅಷ್ಟೇ.

ತಾಳಗುಂದದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅರ್ಜಿಯ ಮುನ್ನುಡಿಯೇ ಅದರಿಂದ ಆರಂಭವಾಗುತ್ತದೆ. ‘ಕನ್ನಡದ ಮೊಟ್ಟಮೊದಲ ಶಾಸನ ನಮ್ಮ ಜಿಲ್ಲೆಯದು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರು ನಿಂತಿರುವ ಸ್ತಂಭದ ಮೇಲಿನದು ಸಂಸ್ಕೃತ ಶಾಸನ. ಕುಬ್ಜನೆಂಬ ಕವಿ ರಚಿಸಿದ್ದು, ಕದಂಬ ಶಾಂತಿವರ್ಮನ ಕಾಲದ್ದು, ಮಯೂರಶರ್ಮನು ಕಾಂಚಿಗೆ ಓದಲು ಹೋಗಿ ಅವಮಾನಿತನಾಗಿ ಮರಳಿ ರಾಜ್ಯ ಕಟ್ಟಿದ ಕಥೆ ನಮಗೆ ತಿಳಿದಿರುವುದು ಅದರಿಂದಲೇ. ರೈಸ್ ಅವರ ಪಟ್ಟಿಯಲ್ಲಿ ಅದು ಶಿಕಾರಿಪುರ 176. ಕನ್ನಡದ ಮಾತು ಬರುವುದು ಅದೇ ದೇವಾಲಯದ ಆವರಣದಲ್ಲಿ ದೊರೆತ ಸಿಂಹಕಟಾಂಜನದ, ಎಂದರೆ ಸಿಂಹದ ಕೆತ್ತನೆಯಿರುವ ಕಲ್ಲಿನ ಕಟಕಟೆಯ, ಶಾಸನದಿಂದ, ಅದನ್ನು ಕ್ರಿ.ಶ. 370ರ ಸುಮಾರಿಗೆ ಸೇರಿದ್ದೆಂದು ಹೇಳಲಾಗಿದೆ. ಹಾಗೆ ಒಪ್ಪಿದರೆ ಅದು 450ರ ಸುಮಾರಿನದೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಹಲ್ಮಿಡಿ ಶಾಸನಕ್ಕಿಂತ ಹಿಂದಿನದಾಗುತ್ತದೆ. ಹೆಮ್ಮೆ ಪಡಬೇಕಾದ ಸಂಗತಿಯೇ, ನನಗೂ ಹೆಮ್ಮೆಯಿದೆ. ಆದರೆ ವಿಶ್ವಕೋಶದ ಪುಟದಲ್ಲಿ ಬರೆಯುವಾಗ ಆ ಕಾಲನಿರ್ಣಯ ಯಾರದು, ಯಾವ ಆಧಾರದ ಮೇಲಿನದು, ಬೇರೆ ಅಭಿಪ್ರಾಯವಿದ್ದರೆ ಏನು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಸ್ತಂಭವನ್ನೂ ಕಟಾಂಜನವನ್ನೂ ಒಂದೇ ಎಂದು ತಿಳಿದು ಬರೆದ ಒಂದು ವಾಕ್ಯ ಹತ್ತು ಕಡೆ ನಕಲಾಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಈ ಮುನ್ನುಡಿಯನ್ನು ತಿದ್ದಿ ಬರೆಯಿರಿ ಎಂದು ನಾನು ಕೇಳಿಕೊಂಡದ್ದು ತಪ್ಪು ಹುಡುಕುವ ಚಟದಿಂದಲ್ಲ. ಅರ್ಜಿಯಲ್ಲೇ ಹೀಗಾದರೆ ಲೇಖನದಲ್ಲಿ ಹೇಗಾದೀತು ಎಂಬ ಚಿಂತೆಯಿಂದ.

ನಾಲ್ಕನೆಯ ಸಂಜೆಯ ಹೊತ್ತಿಗೆ ಲೆಕ್ಕ ಹೀಗೆ ಬಂತು. ಅರವತ್ತರಲ್ಲಿ 23 ಊರುಗಳಿಗೆ ಒಂದು ಹೊಸ ಲೇಖನಕ್ಕೆ ಸಾಲುವಷ್ಟು ಅಚ್ಚಾದ ಸಾಮಗ್ರಿ ಇದೆ. 19 ಊರುಗಳಿಗೆ ಈಗಾಗಲೇ ಪುಟಗಳಿವೆ. ಉಳಿದ 18ಕ್ಕೆ ಹೆಸರಿನ ಹೊರತು ಅಚ್ಚಿನಲ್ಲಿ ನನಗೆ ಹೆಚ್ಚೇನೂ ಸಿಗಲಿಲ್ಲ.

ಆ 19 ಪುಟಗಳ ಬಗ್ಗೆ ಅರ್ಜಿದಾರರಿಗೆ ಉತ್ಸಾಹವಿರಲಿಲ್ಲ. ಹೊಸ ಲೇಖನವಾದರೆ ಲೆಕ್ಕಕ್ಕೆ ಬರುತ್ತದೆ, ಇರುವುದನ್ನು ತಿದ್ದಿದರೆ ಯಾರಿಗೂ ಕಾಣುವುದಿಲ್ಲ ಎಂಬುದು ಅವರ ಅಳಲು. ಅದು ಸುಳ್ಳೂ ಅಲ್ಲ, ಅನುದಾನದ ನಮೂನೆಗಳು ಕೇಳುವುದೇ ಹಾಗೆ: ಎಷ್ಟು ಲೇಖನ, ಎಷ್ಟು ಜನ, ಎಷ್ಟು ಚಿತ್ರ. ಆದರೆ 2003ರಿಂದ ಬೆಳೆದು ಬಂದಿರುವ ಕನ್ನಡ ವಿಕಿಪೀಡಿಯಕ್ಕೆ ಇವತ್ತು ಬೇಕಾಗಿರುವುದು ಇನ್ನೊಂದಷ್ಟು ಮೂರು ಸಾಲಿನ ಪುಟಗಳಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಸ್ವಾತಂತ್ರ್ಯ ಚಳವಳಿಯಲ್ಲಿ ಹೆಸರಾದ ಈಸೂರನ್ನೇ ತೆಗೆದುಕೊಳ್ಳೋಣ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇದೆ. 1942ರ ಸೆಪ್ಟೆಂಬರಿನ ಘರ್ಷಣೆ, ಅಮಲ್ದಾರ ಮತ್ತು ಪೊಲೀಸ್ ಅಧಿಕಾರಿಯ ಸಾವು, ಆಮೇಲೆ ಊರಿನ ಮೇಲೆ ಬಿದ್ದ ದಂಡು, 1943ರ ಮಾರ್ಚಿನಲ್ಲಿ ಐವರಿಗೆ ಆದ ಗಲ್ಲು, ಇವುಗಳ ಬಗ್ಗೆ ಪುಸ್ತಕಗಳಿವೆ, ಪತ್ರಿಕಾ ಬರಹಗಳಿವೆ. ಅಂಥ ವಿಷಯದಲ್ಲಿ ಒಬ್ಬ ಹುಡುಗಿ ಎರಡು ವಾರ ಕುಳಿತು ಪ್ರತಿ ವಾಕ್ಯಕ್ಕೂ ಪುಟಸಂಖ್ಯೆ ಹಾಕಿ, ಹೆಸರುಗಳ ಕಾಗುಣಿತ ಸರಿಮಾಡಿ, ಉತ್ಪ್ರೇಕ್ಷೆಯನ್ನು ತೆಗೆದರೆ ಅದು ಐದು ಹೊಸ ಪುಟಗಳಿಗಿಂತ ದೊಡ್ಡ ಕೆಲಸ. ತಿದ್ದುಪಡಿಯನ್ನೂ ಗುರಿಯಾಗಿ ಎಣಿಸಬೇಕೆಂದು ಸಮಿತಿಗೆ ಬರೆದೆ. ಒಂದು ಪುಟ ತಿದ್ದುವ ಮೊದಲು ಎಷ್ಟು ವಾಕ್ಯಗಳಿಗೆ ಆಧಾರವಿತ್ತು, ತಿದ್ದಿದ ಮೇಲೆ ಎಷ್ಟಕ್ಕೆ ಬಂತು ಎಂಬ ಲೆಕ್ಕವನ್ನು ಯಾರು ಬೇಕಾದರೂ ತೆಗೆಯಬಹುದು.

ಕೊನೆಯ 18 ಊರುಗಳು ನನ್ನನ್ನು ಬಹಳ ಕಾಡಿದವು. ಅವುಗಳಲ್ಲಿ ಹೆಚ್ಚಿನವು ಶರಾವತಿಯ ಹಿನ್ನೀರಿನ ಊರುಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನೀರಿನಡಿ ಹೋದವು, ಇಲ್ಲವೆ ಅರ್ಧ ಮುಳುಗಿ ಅರ್ಧ ಗುಡ್ಡದ ಮೇಲೆ ಉಳಿದವು. ಅರ್ಜಿದಾರರು ಈ ಊರುಗಳ ಹಿರಿಯರನ್ನು ಮಾತನಾಡಿಸಿ ಲೇಖನ ಬರೆಯುವ ಯೋಚನೆಯಲ್ಲಿದ್ದರು. ಅವರಲ್ಲಿ ಇಬ್ಬರೊಂದಿಗೆ ನಾನೂ ಒಂದು ದಿನ ಹೊಳೆಯಾಚೆ ಹೋದೆ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ. ಮೊದಲಾಗಿದ್ದರೆ ಒಂದು ಭೇಟಿಗೆ ಒಂದು ದಿನವೇ ಹೋಗುತ್ತಿತ್ತು. ಅಲ್ಲಿ ಎಂಬತ್ತು ದಾಟಿದ ಒಬ್ಬ ಹಿರಿಯರು ಜಗಲಿಯ ಮೇಲೆ ಕುಳಿತು, ಮುಳುಗಿದ ತಮ್ಮ ಊರಿನ ಮನೆಗಳನ್ನು ಒಂದು ತುದಿಯಿಂದ ಎಣಿಸಿದರು. ಯಾರ ಮನೆಯ ಹಿಂದೆ ಬಾವಿ, ಯಾವ ಗದ್ದೆಯ ಅಂಚಿನಲ್ಲಿ ಚೌಡಿಯ ಕಲ್ಲು, ಶಾಲೆಗೆ ಹೋಗುವ ಸಂಕ ಎಲ್ಲಿತ್ತು, ಎಲ್ಲವನ್ನೂ ಜಗಲಿಯ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಅಡಿಕೆ ಮರಗಳು ನೀರಿನಲ್ಲಿ ನಿಂತು ತುದಿ ಮಾತ್ರ ಕಾಣುತ್ತಿದ್ದ ಆ ಮಳೆಗಾಲದ ಬಗ್ಗೆ ಹೇಳುವಾಗ ಮಾತು ನಿಲ್ಲಿಸಿ ಸುಮ್ಮನೆ ಕುಳಿತರು. ಇದಕ್ಕೆ ಪುಸ್ತಕದ ಆಧಾರ ಬೇಕಾಗುತ್ತದೆ ಎಂದು ಹುಡುಗ ಹಿಂಜರಿಯುತ್ತಲೇ ಹೇಳಿದಾಗ ಅವರು, ‘ನಮ್ಮೂರು ಮುಳುಗಿದ್ದು ಬರೀಲಿಕ್ಕೆ ನಿಂಗೆ ಎಂತ ಪುಸ್ತಕ ಬೇಕು ಮಾರಾಯ? ನಾ ಇದ್ದೀನಲ್ಲ’ ಎಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಅವರು ಹೇಳಿದ್ದು ಇತಿಹಾಸವಲ್ಲ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ವಿಕಿಪೀಡಿಯದ ಲೇಖನ ಅದಕ್ಕೆ ತಕ್ಕ ಪಾತ್ರೆಯಲ್ಲ. ಹಾಕಿದರೆ ನಾಳೆ ಯಾರೋ ‘ಆಧಾರವಿಲ್ಲ’ ಎಂದು ಅಳಿಸುತ್ತಾರೆ, ಅವರು ಅಳಿಸುವುದು ನಿಯಮದ ಪ್ರಕಾರ ಸರಿಯೂ ಆಗಿರುತ್ತದೆ. ಹಾಗೆ ಅಳಿಸಿಹೋಗುವ ಜಾಗದಲ್ಲಿ ಆ ಹಿರಿಯರ ನೆನಪನ್ನು ಇಡುವುದು ನನಗೆ ಅವರಿಗೆ ಮಾಡುವ ಅಗೌರವವಾಗಿ ಕಂಡಿತು. ಆದ್ದರಿಂದ ನಾನು ಈ ಭಾಗವನ್ನು ಬೇರೆ ಮಾಡಿ ಎಂದು ಸೂಚಿಸಿದೆ. ಮಾತುಗಳನ್ನು ಪೂರ್ತಿಯಾಗಿ ಧ್ವನಿಮುದ್ರಿಸಿ, ಹೇಳಿದವರ ಒಪ್ಪಿಗೆ ಪಡೆದು, ಮುಕ್ತ ಪರವಾನಗಿಯಲ್ಲಿ, ಚಿತ್ರ ಮತ್ತು ಧ್ವನಿಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸಿನಲ್ಲಿ ಇಡಬಹುದು. ಒಂದು ಪ್ರತಿ ತಾಲ್ಲೂಕಿನ ಯಾವುದಾದರೂ ಗ್ರಂಥಾಲಯದಲ್ಲಿ, ಇನ್ನೊಂದು ಆ ಮನೆಯವರ ಹತ್ತಿರ ಇರಲಿ. ಒಪ್ಪಿಗೆ ಎಂದರೆ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದಷ್ಟೇ ಅಲ್ಲ. ಈ ಪರವಾನಗಿಯಲ್ಲಿ ಇಟ್ಟ ಧ್ವನಿಯನ್ನು ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಬಹುದು ಎಂಬುದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ, ಮನೆಯ ಕಿರಿಯರ ಎದುರಿಗೆ ಕೇಳಿ, ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಬೇಕು.

ಲೇಖನದ ಮಟ್ಟಿಗೆ, ಮುಳುಗಿದ ಊರುಗಳಿಗೂ ಅಚ್ಚಾದ ಆಧಾರ ಸಿಗುವ ದಾರಿಗಳಿವೆ. ಅವನ್ನು ಯಾರೂ ಹುಡುಗರಿಗೆ ತೋರಿಸಿರಲಿಲ್ಲ. 1951 ಮತ್ತು 1961ರ ಜನಗಣತಿಗಳು ನಡೆದಾಗ ಲಿಂಗನಮಕ್ಕಿಯ ನೀರು ಇನ್ನೂ ಬಂದಿರಲಿಲ್ಲ. ಆ ಗಣತಿಗಳ ಜಿಲ್ಲಾ ಕೈಪಿಡಿಗಳಲ್ಲಿ ಗ್ರಾಮವಾರು ಪಟ್ಟಿ ಇರುತ್ತದೆ. ಸರ್ವೆ ಇಲಾಖೆಯ ಹಳೆಯ ನಕ್ಷೆಗಳಲ್ಲಿ ಊರು, ಕೆರೆ, ಗಾಡಿ ದಾರಿ ಗುರುತಾಗಿರುತ್ತವೆ. ಭೂಸ್ವಾಧೀನಕ್ಕೆ ಸರ್ಕಾರ ರಾಜ್ಯಪತ್ರದಲ್ಲಿ ಅಧಿಸೂಚನೆ ಪ್ರಕಟಿಸಲೇಬೇಕಾಗಿತ್ತು. ಯಾವ ಊರಿನ ಯಾವ ಸರ್ವೆ ನಂಬರು ಹೋಯಿತೆಂಬುದು ಅಲ್ಲಿ ದಾಖಲಾಗಿರುತ್ತದೆ. ಇಷ್ಟರಿಂದ ನಾಲ್ಕು ಪ್ಯಾರಾದ ಒಂದು ಒಣ ಲೇಖನವಾಗಬಹುದು. ಒಣದಾಗಿದ್ದರೂ ಯಾರೂ ಅಳಿಸಲಾಗದ ಲೇಖನವದು, ಮತ್ತು ಅದರ ಕೆಳಗೆ ಹಿರಿಯರ ಧ್ವನಿಗೆ ಕೊಂಡಿ ಕೊಡಬಹುದು.

ಪಟ್ಟಿಯಲ್ಲಿ ಇದ್ದದ್ದನ್ನು ನೋಡಿದ ಮೇಲೆ ಇಲ್ಲದ್ದನ್ನೂ ನೋಡಬೇಕಾಯಿತು. ಕೆಳದಿ, ಇಕ್ಕೇರಿ, ಬಿದನೂರು, ಬಳ್ಳಿಗಾವಿ, ಚಂದ್ರಗುತ್ತಿ ಎಲ್ಲವೂ ಇದ್ದವು. ಶಿವಪ್ಪ ನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ಚೆನ್ನಮ್ಮ, 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದದ್ದು ಎಲ್ಲವೂ ಇದ್ದವು. ಸಾಗರದಿಂದ ಕೂಗಳತೆಯಲ್ಲಿರುವ ಕಾಗೋಡು ಮಾತ್ರ ಇರಲಿಲ್ಲ. 1951ರಲ್ಲಿ ಗೇಣಿದಾರರು ಗೇಣಿಯ ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಿಂತದ್ದು, ಸಮಾಜವಾದಿಗಳು ಜೊತೆಗೂಡಿದ್ದು, ರಾಮಮನೋಹರ ಲೋಹಿಯಾ ಬಂದು ಭಾಗವಹಿಸಿದ್ದು, ಶಾಂತವೇರಿ ಗೋಪಾಲಗೌಡರ ರಾಜಕಾರಣ ಅಲ್ಲಿಂದ ಬಲ ಪಡೆದದ್ದು, ಇವಿಲ್ಲದೆ ಈ ಸೀಮೆಯ ಕಳೆದ ಶತಮಾನವನ್ನು ಬರೆಯಲು ಸಾಧ್ಯವಿಲ್ಲ. 1974ರ ಭೂಸುಧಾರಣೆಯ ಕಥೆಯೂ ಅಪೂರ್ಣವಾಗುತ್ತದೆ. ಏಕೆ ಬಿಟ್ಟಿರಿ ಎಂದು ಕೇಳಿದೆ. ‘ಸರ್, ಎರಡೂ ಕಡೆಯ ಮನೆಯವರು ನಮ್ಮ ಗುಂಪಿನಲ್ಲೇ ಇದ್ದಾರೆ’ ಎಂದಳು ಒಬ್ಬ ಶಿಕ್ಷಕಿ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಒಡೆಯರ ಮೊಮ್ಮಗನೂ ಗೇಣಿದಾರರ ಮೊಮ್ಮಗಳೂ ಒಂದೇ ಮೇಜಿನ ಮುಂದೆ ಕುಳಿತು, ಇಬ್ಬರೂ ಒಪ್ಪುವ ಆಧಾರಗಳಿಂದ ಒಂದು ಪುಟ ಬರೆಯುವುದಾದರೆ ಅದಕ್ಕಿಂತ ಒಳ್ಳೆಯ ಸಂಪಾದನೆ ಇನ್ನಾವುದಿದೆ ಎಂದು ನಾನು ಹೇಳಿದೆ. ಕಾಗೋಡನ್ನು ಸೇರಿಸಬೇಕೆಂಬುದನ್ನು ನಾನು ಸಲಹೆಯಾಗಿ ಬರೆಯಲಿಲ್ಲ, ಷರತ್ತಾಗಿಯೇ ಬರೆದೆ. ದೀವರ ಹೆಂಗಸರು ಗೋಡೆಯ ಮೇಲೆ ಬಿಡಿಸುವ ಹಸೆ ಚಿತ್ತಾರವನ್ನೂ ಸೇರಿಸಿ ಎಂದೆ. ಅರ್ಜಿಯ ಮುಖಪುಟದ ಅಂಚಿನಲ್ಲಿ ಅದೇ ಚಿತ್ತಾರವನ್ನು ಅಲಂಕಾರಕ್ಕೆ ಹಾಕಿದ್ದರು, ಒಳಗೆಲ್ಲೂ ಹೆಸರಿರಲಿಲ್ಲ.

ಇನ್ನು ಕಲ್ಲುಗಳ ವಿಷಯ. ವೀರಗಲ್ಲುಗಳ ಚಿತ್ರ ತೆಗೆಯಲೆಂದು ಒಂದು ದುಬಾರಿ ಕ್ಯಾಮೆರಾಕ್ಕೆ ಹಣ ಕೇಳಿದ್ದರು. ಸೊರಬದ ಕಡೆಯ ಒಂದು ಊರಿನಲ್ಲಿ ಅಂಥ ಒಂದು ಕಲ್ಲನ್ನು ನೋಡಲು ಹೋದೆವು. ಕೆರೆ ಏರಿಯ ಕೆಳಗೆ, ಮುಕ್ಕಾಲು ಆಳೆತ್ತರದ ಕಲ್ಲು, ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಅಕ್ಷರಗಳಿದ್ದದ್ದು ಪಟ್ಟಿಕೆಗಳ ನಡುವಿನ ಅಡ್ಡ ದಿಂಡಿನಲ್ಲಿ. ಯಾರೋ ಭಕ್ತಿಯಿಂದ ಬೆಳ್ಳಿಬಣ್ಣದ ಪೇಂಟು ಬಳಿದಿದ್ದರು, ಮೇಲೆ ಅರಿಶಿನ ಕುಂಕುಮ. ನಡುಹಗಲಿನಲ್ಲಿ ಎಷ್ಟು ಒಳ್ಳೆಯ ಕ್ಯಾಮೆರಾದಿಂದ ತೆಗೆದರೂ ಅಕ್ಷರ ಮೂಡುವುದಿಲ್ಲ. ಹುಡುಗನೊಬ್ಬ ಚೀಲದಿಂದ ಮೈದಾ ಹಿಟ್ಟಿನ ಪೊಟ್ಟಣ ತೆಗೆದ; ಅಕ್ಷರದೊಳಗೆ ತುಂಬಿದರೆ ಚೆನ್ನಾಗಿ ಕಾಣುತ್ತದೆ ಎಂದು ಎಲ್ಲೋ ನೋಡಿದ್ದನಂತೆ. ಬೇಡವೆಂದೆ. ಹಿಟ್ಟು ಇರುವೆ ಕರೆಯುತ್ತದೆ, ತೇವ ಹಿಡಿಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ತುಂಬುವವನು ತಾನು ಊಹಿಸಿದ ಅಕ್ಷರವನ್ನೇ ತುಂಬುತ್ತಾನೆ. ಆಮೇಲೆ ಚಿತ್ರದಲ್ಲಿ ಕಾಣುವುದು ಕಲ್ಲಿನ ಪಾಠವಲ್ಲ, ಅವನ ಪಾಠ. ಸಂಜೆ ಕತ್ತಲಾಗುವವರೆಗೆ ಕಾದು, ಒಂದು ಸಾಧಾರಣ ಟಾರ್ಚನ್ನು ಕಲ್ಲಿನ ಮುಖಕ್ಕೆ ಒತ್ತಿದಂತೆ ಎಡಬದಿಯಿಂದ ಹಿಡಿದೆ. ಬೆಳಕು ಅಡ್ಡಡ್ಡಲಾಗಿ ಹರಿದು ಪ್ರತಿ ಗೀರಿನಲ್ಲೂ ನೆರಳು ಬಿತ್ತು. ಬಣ್ಣದ ಕೆಳಗಿನಿಂದ ಒಂದೊಂದೇ ಅಕ್ಷರ ಎದ್ದು ಬಂತು. ‘ಸ್ವಸ್ತಿ’ ಎಂಬುದನ್ನು ಅವನೇ ಗಟ್ಟಿಯಾಗಿ ಓದಿದ. ಕೈಯಲ್ಲಿದ್ದ ಫೋನಿನಿಂದಲೇ ತೆಗೆದ ಆ ಚಿತ್ರ ಚೆನ್ನಾಗಿ ಬಂದಿದೆ.

ಶಾಸನವನ್ನು ನಿಜವಾಗಿ ಪ್ರತಿ ಮಾಡಬೇಕಾದರೆ ಪಡಿಯಚ್ಚು ತೆಗೆಯಬೇಕು: ಕಲ್ಲನ್ನು ನೀರಿನಿಂದ ತಿಕ್ಕಿ ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿಯ ಗುಂಡು ಒತ್ತಬೇಕು. ಅದು ಅಭ್ಯಾಸವಿದ್ದವರ ಕೆಲಸ, ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿಯೂ ಬೇಕು. ಹಾಗಾಗಿ ಕ್ಯಾಮೆರಾದ ಬಾಬ್ತನ್ನು ಹೊಡೆದು, ನಾಲ್ಕು ಒಳ್ಳೆಯ ಟಾರ್ಚು, ಎರಡು ಟ್ರೈಪಾಡು, ಅಳತೆ ಪಟ್ಟಿ ಮತ್ತು ಪಡಿಯಚ್ಚು ಬಲ್ಲವರೊಬ್ಬರನ್ನು ಎರಡು ದಿನ ಕರೆಸುವ ಖರ್ಚು ಎಂದು ಬದಲಾಯಿಸಲು ಹೇಳಿದೆ.

ಸ್ಕ್ಯಾನಿಂಗಿನ ಲೆಕ್ಕದಲ್ಲಿ ಇನ್ನೊಂದು ಕೊರತೆ ಕಂಡಿತು. ಹಳೆಯ ಸ್ಮರಣ ಸಂಚಿಕೆಗಳು, ಸ್ಥಳಪುರಾಣದ ಕಿರುಹೊತ್ತಿಗೆಗಳು, ಸಹಕಾರ ಸಂಘಗಳ ಸುವರ್ಣ ಮಹೋತ್ಸವದ ಪುಸ್ತಕಗಳು ಸೇರಿ ಸುಮಾರು 2,000 ಪುಟ ಸ್ಕ್ಯಾನ್ ಮಾಡಲು ಹಣವಿತ್ತು, ಕರಡು ತಿದ್ದಲು ಒಂದು ರೂಪಾಯಿಯೂ ಇರಲಿಲ್ಲ. ಕನ್ನಡದ ಹಳೆಯ ಅಚ್ಚನ್ನು ಯಂತ್ರ ಓದುವಾಗ ಏನಾಗುತ್ತದೆಂದು ಆ ಕೆಲಸ ಮಾಡಿದವರಿಗೆ ಗೊತ್ತು. ಅರ್ಕಾವತ್ತನ್ನು ಅದು ಒಂಬತ್ತು ಎಂದು ಓದುತ್ತದೆ. ‘ವರ್ಷ’ ಎಂಬುದು ‘ವಷ೯’ ಆಗುತ್ತದೆ. ಅನುಸ್ವಾರ ಸೊನ್ನೆಯಾಗುತ್ತದೆ. ಇಸವಿಗಳ ನಡುವೆ ಇಂಥ ಒಂಬತ್ತು, ಸೊನ್ನೆ ನುಸುಳಿದರೆ ಒಂದು ದೇವಸ್ಥಾನದ ಜೀರ್ಣೋದ್ಧಾರ ನೂರು ವರ್ಷ ಹಿಂದಕ್ಕೋ ಮುಂದಕ್ಕೋ ಹೋಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವಾಗಲೂ ಒತ್ತಕ್ಷರಗಳ ಸ್ಥಾನ ತಪ್ಪುತ್ತದೆ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ತೆರೆಯ ಮೇಲೆ ತಿದ್ದುವುದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ. ನನ್ನ ಅನುಭವದಲ್ಲಿ ಹಾಗೆ ಒಂದು ಸಂಜೆಗೆ ಹತ್ತು ಹನ್ನೆರಡು ಪುಟ ಆದರೆ ಅದೇ ಹೆಚ್ಚು. ಪುಟಗಳ ಸಂಖ್ಯೆಯನ್ನು 400ಕ್ಕೆ ಇಳಿಸಿ, ಆದರೆ ಆ 400 ಪುಟ ನಂಬುವಂತಿರಲಿ ಎಂದು ಕೇಳಿದೆ.

ಹಕ್ಕುಸ್ವಾಮ್ಯದ ಬಗ್ಗೆ ಅರ್ಜಿಯಲ್ಲಿ ‘ಎಲ್ಲವೂ ಹಳೆಯ ಪುಸ್ತಕಗಳು’ ಎಂದಷ್ಟೇ ಇತ್ತು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ಇರುತ್ತದೆ, ಸರ್ಕಾರಿ ಪ್ರಕಟಣೆಗೆ ಪ್ರಕಟವಾದ ನಂತರ 60 ವರ್ಷ. ರೈಸ್ 1927ರಲ್ಲಿ ತೀರಿಕೊಂಡವರು, ಅವರ ಸಂಪುಟಗಳನ್ನು ನಿಶ್ಚಿಂತೆಯಿಂದ ಬಳಸಬಹುದು. 1975ರ ಶಿವಮೊಗ್ಗ ಜಿಲ್ಲಾ ಗೆಜೆಟಿಯರನ್ನು ಓದಿ ಉಲ್ಲೇಖಿಸಬಹುದು, ಇಡಿಯಾಗಿ ಸ್ಕ್ಯಾನ್ ಮಾಡಿ ಏರಿಸುವಂತಿಲ್ಲ. ಅದಕ್ಕೆ 2035 ಮುಗಿಯಬೇಕು. ಊರಿನ ಮೇಷ್ಟ್ರೊಬ್ಬರು 1980ರಲ್ಲಿ ಬರೆದ ಸ್ಥಳಪುರಾಣಕ್ಕೆ ಅವರ ಮಕ್ಕಳ ಲಿಖಿತ ಅನುಮತಿ ಬೇಕು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ, ಸಂತೋಷದಿಂದಲೇ ಕೊಡುತ್ತಾರೆ, ಆದರೆ ಕೇಳಬೇಕು.

ಖರ್ಚಿನ ಪಟ್ಟಿಯಲ್ಲಿ ಉದ್ಘಾಟನೆ, ಬ್ಯಾನರು, ಶಾಲು, ಸ್ಮರಣಿಕೆಗಳು ಸಾಕಷ್ಟು ಜಾಗ ಹಿಡಿದಿದ್ದವು. ಅವನ್ನು ತೆಗೆಸಿದೆ. ಲೇಖನವೊಂದಕ್ಕೆ ಇಷ್ಟು ರೂಪಾಯಿ ಎಂಬ ಸಂಭಾವನೆಯನ್ನೂ ಒಪ್ಪಲಿಲ್ಲ, ಏಕೆಂದರೆ ತುಂಡಿನ ಲೆಕ್ಕದಲ್ಲಿ ಕೂಲಿ ಕೊಟ್ಟಾಗ ಬರುವುದು ಯಂತ್ರ ಅನುವಾದದ ಪುಟಗಳೇ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಊಟ ಮತ್ತು ಬಸ್ಸಿನ ಖರ್ಚನ್ನು ಮಾತ್ರ ಅವರು ಕೇಳಿದ್ದಕ್ಕಿಂತ ಹೆಚ್ಚಿಸಲು ಹೇಳಿದೆ. ಬ್ಯಾಕೋಡಿನ ಕಡೆಯಿಂದಲೋ ಹೊಸನಗರ ತಾಲ್ಲೂಕಿನ ನಗರದ ಕಡೆಯಿಂದಲೋ ಸಾಗರಕ್ಕೆ ಬಂದು ಹೋಗುವ ಹುಡುಗಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ತಪ್ಪಿದರೆ ಆಟೋ ಹಿಡಿಯಲು ಕೈಯಲ್ಲಿ ದುಡ್ಡಿರಬೇಕು, ಇಲ್ಲದಿದ್ದರೆ ಎರಡನೆಯ ಸಲ ಮನೆಯವರು ಕಳಿಸುವುದಿಲ್ಲ.

ಕಾಲದ ಆಯ್ಕೆಯನ್ನೂ ಬದಲಾಯಿಸಬೇಕಾಯಿತು. ಕ್ಷೇತ್ರಕಾರ್ಯ ಜೂನಿನಿಂದ ಆಗಸ್ಟ್ ಎಂದು ಬರೆದಿದ್ದರು. ಆ ಮೂರು ತಿಂಗಳು ಹೊಸನಗರದ ಕಡೆ ಕಲ್ಲಿನ ಮೇಲೆ ಪಾಚಿ, ದಾರಿಯಲ್ಲಿ ಉಂಬಳ, ಗದ್ದೆಯಲ್ಲಿ ನಾಟಿ, ಮನೆಯಲ್ಲಿ ಕರೆಂಟಿಲ್ಲ. ಕ್ಷೇತ್ರಕಾರ್ಯವನ್ನು ಕೊಯ್ಲು ಮುಗಿದ ಮೇಲೆ ಫೆಬ್ರವರಿಯಿಂದ ಇಟ್ಟುಕೊಂಡು, ಮಳೆಗಾಲವನ್ನು ಓದಲು, ಕರಡು ತಿದ್ದಲು ಬಿಡಿ ಎಂದೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಭರ್ತಿ ಮಟ್ಟವಾದ 1819 ಅಡಿಯಿಂದ ಬಹಳ ಕೆಳಗಿಳಿದಾಗ, 1940ರ ದಶಕದಲ್ಲಿ ಕಟ್ಟಿ ಆಮೇಲೆ ದೊಡ್ಡ ಜಲಾಶಯದೊಳಗೇ ಮುಳುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ. ಚಿತ್ರ ತೆಗೆಯಲು ಆಗ ಮಾತ್ರ ಸಾಧ್ಯ.

ನನ್ನ ಟಿಪ್ಪಣಿ ಆರು ಪುಟವಾಯಿತು. ಹಣ ಕೊಡಿ ಎಂದೇ ಶಿಫಾರಸು ಮಾಡಿದೆ: ಅರವತ್ತಲ್ಲ, ಹೊಸ ಲೇಖನ 20, ತಿದ್ದುಪಡಿ 19, ಧ್ವನಿಮುದ್ರಣ ಬೇರೆ, ಆರು ತಿಂಗಳಲ್ಲ, ಹನ್ನೆರಡು. ಯೋಜನೆ ಮುಗಿದ ಮೇಲೂ ಈ ಪುಟಗಳ ಮೇಲೆ ಕಣ್ಣಿಡುವವರ ಹೆಸರು ಅರ್ಜಿಯಲ್ಲೇ ಇರಬೇಕೆಂದೂ ಬರೆದೆ, ಏಕೆಂದರೆ ಊರಿನ ಪುಟಕ್ಕೆ ಯಾರೋ ಬಂದು ತಮ್ಮ ಮನೆತನದ ಹೆಸರು ಸೇರಿಸುವುದು ಮರುವಾರವೇ ಶುರುವಾಗುತ್ತದೆ.

ಇಷ್ಟು ಕಡಿತವನ್ನು ಕಂಡು ಅವರು ಬೇಸರಪಟ್ಟುಕೊಂಡಾರು ಎಂದು ನನಗೆ ಆತಂಕವಿತ್ತು. ಮೊನ್ನೆ ತಿದ್ದಿದ ಅರ್ಜಿ ಬಂದಿದೆ. ಕೋಷ್ಟಕಕ್ಕೆ ಮೂರನೆಯ ಕಾಲಂ ಬಂದಿದೆ, ಸಂಪುಟ ಮತ್ತು ಸಂಖ್ಯೆಯ ಸಮೇತ. ಎರಡು ಕಡೆ ನಾನು ಗುರುತಿಸದೆ ಬಿಟ್ಟಿದ್ದ ಶಾಸನಗಳನ್ನೂ ಅವರು ಹುಡುಕಿದ್ದಾರೆ. ಕಾಗೋಡಿನ ಸಾಲಿನ ಮುಂದೆ ಇಬ್ಬರ ಹೆಸರಿದೆ. ಹೊಳೆಯಾಚೆಯ ಆ ಹಿರಿಯರ ಊರಿನ ಸಾಲಿನಲ್ಲಿ ಆಧಾರದ ಜಾಗದಲ್ಲಿ ‘1961ರ ಕೈಪಿಡಿ, ಹುಡುಕಬೇಕು’ ಎಂದಿದೆ, ಪಕ್ಕದಲ್ಲಿ ಪೆನ್ಸಿಲಿನಿಂದ ‘ಧ್ವನಿ: ಮೊದಲು ಇವರದು’ ಎಂದು ಬರೆದಿದ್ದಾರೆ. ಸಮಿತಿಯ ತೀರ್ಮಾನ ಬರಲು ಇನ್ನೂ ಸಮಯವಿದೆ. ಅವರ ಧ್ವನಿಮುದ್ರಣಕ್ಕೆ ಅಷ್ಟು ಕಾಯುವುದು ಬೇಡವೆಂದು ಹುಡುಗರಿಗೆ ಹೇಳಿದ್ದೇನೆ. ಬರುವ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತಿದ್ದೇವೆ.